ಕಾಂಟೆಸ್ಸಾ ನಡುಗುತ್ತಿದೆಯಾ? ಗಟ್ಟಿ ಮೌಂಟಿಂಗ್ ತರಿಸುವ ಮೊದಲು ಇಷ್ಟು ನೋಡಿ

ಸಿಗ್ನಲ್‌ನಲ್ಲಿ ನಿಂತರೆ ಸ್ಟೇರಿಂಗ್ ನಡುಗುತ್ತದೆ. ಕ್ಲಚ್ ಬಿಟ್ಟ ಕೂಡಲೇ ಅಡಿಯಿಂದ ದಡ್ ಅಂತ ಶಬ್ದ. ಗ್ಯಾರೇಜಿನಲ್ಲಿ ಕೇಳಿದರೆ ‘ಮೌಂಟಿಂಗ್ ಹೋಗಿದೆ’ ಅಂತಾರೆ, ಅಂದರೆ ಎಂಜಿನನ್ನು ಗಾಡಿಗೆ ಹಿಡಿದಿಡುವ ರಬ್ಬರ್ ಆಸರೆ. ಮೊಬೈಲ್ ತೆಗೆದು ಹುಡುಕಿದರೆ ಅಮೆರಿಕದ ಮಸಲ್ ಕಾರಿನವರು (ದೊಡ್ಡ ಎಂಜಿನ್‌ನ ಜೋರಿನ ಗಾಡಿಯವರು) ರಬ್ಬರಿಗಿಂತ ಗಟ್ಟಿಯಾದ ಪಾಲಿಯುರೆಥೇನ್ ಪ್ಲಾಸ್ಟಿಕ್ ಹಾಕಿ, ಇಲ್ಲದಿದ್ದರೆ ಕಬ್ಬಿಣದ್ದೇ ಹಾಕಿ ಅಂತ ಬರೆದಿರುತ್ತಾರೆ. ಅದನ್ನು ನಂಬಿ ದುಡ್ಡು ಕೊಟ್ಟು ಗಟ್ಟಿ ಮೌಂಟಿಂಗ್ ತರಿಸಿ ಹಾಕಿದ ಮೇಲೆ ಗಾಡಿ ಇನ್ನೂ ಜಾಸ್ತಿ ನಡುಗುತ್ತದೆ. ಮಂಗಳೂರು, ಉಡುಪಿ ಕಡೆ ಹಳೆ ಕಾಂಟೆಸ್ಸಾ ಇಟ್ಟುಕೊಂಡವರಿಗೆ ಇದು ಹೊಸ ಕಥೆ ಅಲ್ಲ.

ಹಿಂದೂಸ್ತಾನ್ ಮೋಟಾರ್ಸ್‌ನವರು 1984ರಿಂದ 2002ರವರೆಗೆ ಮಾಡಿದ ಈ ಗಾಡಿಯನ್ನು ನಮ್ಮ ದೇಶದ ಮಸಲ್ ಕಾರು ಅನ್ನುವುದು ಸುಮ್ನೆ ಅಲ್ಲ. ಉದ್ದ ಬಾನೆಟ್, ಉದ್ದಕ್ಕೆ ಕೂತ ಎಂಜಿನ್, ತಳ್ಳುವುದು ಹಿಂದಿನ ಗಾಲಿ. ಎಂಜಿನ್‌ಗೆ ಎಡಕ್ಕೊಂದು ಬಲಕ್ಕೊಂದು ಮೌಂಟಿಂಗ್, ಗೇರ್‌ಬಾಕ್ಸ್ ಅಡಿಗೆ ಇನ್ನೊಂದು. ಅಮೆರಿಕದ ಹಳೆ ಕಮಾರೊ, ಮಸ್ಟಾಂಗ್‌ನಲ್ಲೂ ಇದೇ ಲೆಕ್ಕ. ಹಾಗಾಗಿ ದೋಷ ಹುಡುಕುವ ದಾರಿ ಒಂದೇ, ಅಂಬಾಸಿಡರ್, ಪದ್ಮಿನಿ, ಹಳೆ ಜೀಪ್ ಇದ್ದವರಿಗೂ ಹೆಚ್ಚುಕಮ್ಮಿ ಹೊಂದುತ್ತದೆ. ಆದರೆ ಮದ್ದು ಒಂದೇ ಅಲ್ಲ. ಅವರದ್ದು ಎಂಟು ಸಿಲಿಂಡರಿನ ವಿ8, ನಮ್ಮದು ನಾಲ್ಕು ಸಿಲಿಂಡರ್. ಅದರಿಂದ ಎಂತ ವ್ಯತ್ಯಾಸ ಆಗುತ್ತದೆ ಅಂತ ಕೆಳಗೆ ಬರುತ್ತದೆ. ನನ್ನ ಅಭಿಪ್ರಾಯ ಮಾತ್ರ ಈಗಲೇ ಹೇಳಿಬಿಡುತ್ತೇನೆ. ಹೆಚ್ಚಿನ ಗಾಡಿಗಳಿಗೆ ಬೇಕಾಗಿರುವುದು ಗಟ್ಟಿ ರಬ್ಬರ್ ಅಲ್ಲ, ಹೊಸ ರಬ್ಬರ್.

ಗಾಡಿ ಅಡಿಗೆ ನುಗ್ಗುವ ಮೊದಲು

ನಮ್ಮ ಕಡೆ ಮನೆ ಅಂಗಳ ಸಮತಟ್ಟಾಗಿ ಇರುವುದೇ ಅಪರೂಪ, ಮಳೆಗಾಲದಲ್ಲಿ ಪಾಚಿ ಬೇರೆ. ಇಳಿಜಾರಿನಲ್ಲಿ ಜಾಕ್ ಇಡಬೇಡಿ. ಗಾಲಿಗೆ ಅಡ್ಡ ಕೊಡಲು ಕೆಂಪುಕಲ್ಲಿನ ತುಂಡು ಸಾಕು. ಆದರೆ ಅದೇ ಕೆಂಪುಕಲ್ಲನ್ನು ಒಂದರ ಮೇಲೊಂದು ಪೇರಿಸಿ ಗಾಡಿಯ ಭಾರ ಹಾಕುವುದು ಬೇಡವೇ ಬೇಡ. ಅದು ಮುನ್ಸೂಚನೆ ಕೊಡದೆ ಒಡೆಯುವ ಕಲ್ಲು. ಒಳ್ಳೆ ಜಾಕ್ ಸ್ಟ್ಯಾಂಡ್ ಎರಡು ತೆಗೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಪಿಟ್ ಇರುವ ಗ್ಯಾರೇಜಿಗೆ ಹೋಗಿ. ಜಾಕ್ ಒಂದನ್ನೇ ನಂಬಿ ಅಡಿಗೆ ಕೈ ಸಹ ಹಾಕಬಾರದು.

ಎಂಜಿನ್ ಓಡುವಾಗ ಲುಂಗಿ, ಶಾಲು, ಉದ್ದ ತೋಳಿನ ಅಂಗಿ, ಕತ್ತಿನ ಸರ ಯಾವುದೂ ಫ್ಯಾನ್ ಹತ್ತಿರ ಬೇಡ. ಸೈಲೆನ್ಸರ್ ಪೈಪ್ ತಣಿಯಲು ಅರ್ಧ ಗಂಟೆಯಾದರೂ ಕೊಡಿ.

ನಿಂತಾಗ ಮಾತ್ರ ನಡುಕ, ಓಡಿದರೆ ಸರಿ

ಎಲ್ಲರೂ ಮೊದಲು ಗಮನಿಸುವುದು ಇದನ್ನೇ. ಕನ್ನಡಿಯಲ್ಲಿ ಹಿಂದಿನ ಗಾಡಿ ಎರಡೆರಡಾಗಿ ಕಾಣುತ್ತದೆ, ಡ್ಯಾಶ್‌ಬೋರ್ಡ್ ಕಟಕಟ ಅನ್ನುತ್ತದೆ, ಸ್ವಲ್ಪ ಆ್ಯಕ್ಸಿಲರೇಟರ್ ಒತ್ತಿದರೆ ಮಾಯ. ಮೌಂಟಿಂಗ್ ಬಗ್ಗೆ ಯೋಚನೆಯೇ ಬೇಡ, ಮೊದಲು ಎಂಜಿನ್ ಸರಿಯಾಗಿ ಹೊಡೆಯುತ್ತಿದೆಯಾ ನೋಡಿ. ಒಂದು ಸಿಲಿಂಡರ್ ಕೆಲಸ ಮಾಡದಿದ್ದರೆ ಯಾವ ಮೌಂಟಿಂಗ್ ಹಾಕಿದರೂ ನಡುಕ ಹೋಗುವುದಿಲ್ಲ.

ಪೆಟ್ರೋಲ್ ಗಾಡಿಯಾದರೆ ಎಂಜಿನ್ ಬಂದ್ ಮಾಡಿ ಒಂದು ಪ್ಲಗ್‌ನ ವೈರ್ ತೆಗೆಯಿರಿ. ತೆಗೆದ ವೈರಿನ ತುದಿಗೆ ಹಳೆ ಪ್ಲಗ್ ಒಂದು ಸಿಕ್ಕಿಸಿ ಅದನ್ನು ಎಂಜಿನ್‌ನ ಲೋಹಕ್ಕೆ ತಾಗಿಸಿ ಇಡಿ, ಆಮೇಲೆ ಸ್ಟಾರ್ಟ್ ಮಾಡಿ ಐಡಲ್, ಅಂದರೆ ಆ್ಯಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವುದನ್ನು, ಕೇಳಿ. ಒಂದೊಂದೇ ವೈರ್ ಹೀಗೆ ಮಾಡುತ್ತಾ ಹೋಗಿ. ತೆಗೆದಾಗ ಎಂಜಿನ್ ಇನ್ನೂ ಸೊರಗಿದರೆ ಆ ಸಿಲಿಂಡರ್ ಸರಿ ಇದೆ. ಏನೂ ವ್ಯತ್ಯಾಸ ಆಗದಿದ್ದರೆ ಕಳ್ಳ ಅಲ್ಲೇ ಇದ್ದಾನೆ: ಪ್ಲಗ್, ವೈರ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ಇವು ಯಾವುದೂ ಅಲ್ಲದಿದ್ದರೆ ವಾಲ್ವ್ ಅಥವಾ ಕಂಪ್ರೆಶನ್. ಎಂಜಿನ್ ಓಡುವಾಗಲೇ ಬರಿಗೈಯಲ್ಲಿ ವೈರ್ ಕೀಳುವವರನ್ನು ನೀವೂ ನೋಡಿರಬಹುದು, ಅವರನ್ನು ಅನುಕರಿಸಬೇಡಿ. ಜೂನ್, ಜುಲೈಯಲ್ಲಿ ಮಾತ್ರ ಬರುವ ನಡುಕವಾದರೆ ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ತೇವ ಕೂತಿರುವ ಸಾಧ್ಯತೆ ಜಾಸ್ತಿ. ಒಣ ಬಟ್ಟೆಯಲ್ಲಿ ಒರೆಸಿ, ಕೂದಲೆಳೆಯಂಥ ಬಿರುಕು ಇದೆಯಾ ನೋಡಿ.

ಎಲ್ಲ ಸಿಲಿಂಡರ್ ಸರಿ ಇದ್ದರೆ ಕಾರ್ಬ್ಯುರೇಟರ್ ಅಡಿಯ ಗ್ಯಾಸ್ಕೆಟ್‌ನಲ್ಲಿ, ಬ್ರೇಕ್ ಬೂಸ್ಟರಿಗೆ ಹೋಗುವ ಪೈಪಿನಲ್ಲಿ ಗಾಳಿ ಎಳೆಯುತ್ತಿದೆಯಾ ನೋಡಿ. ಆಮೇಲೆ ಐಡಲ್. ಇಂಥ ಪೆಟ್ರೋಲ್ ಎಂಜಿನ್‌ಗಳು ಸಾಮಾನ್ಯವಾಗಿ 700ರಿಂದ 900 ಆರ್‌ಪಿಎಂ ನಡುವೆ ನಿಲ್ಲಬೇಕು. ಮೈಲೇಜ್ ಉಳಿಸುವ ಆಸೆಯಿಂದ ಯಾರೋ ಸ್ಕ್ರೂ ತಿರುಗಿಸಿ ತುಂಬಾ ಕೆಳಗೆ ಇಳಿಸಿರುತ್ತಾರೆ. ನೂರು ಆರ್‌ಪಿಎಂ ಏರಿಸಿ ನೋಡಿ. ನಡುಕ ಪೂರಾ ಹೋದರೆ ನಿಮ್ಮ ಸಮಸ್ಯೆ ಒಂದು ಸ್ಕ್ರೂಡ್ರೈವರಿನಲ್ಲಿ ಮುಗಿಯಿತು.

ಇಷ್ಟೆಲ್ಲ ಆದ ಮೇಲೂ ನಡುಗಿದರೆ ಎಲ್ಲಾದರೂ ಲೋಹಕ್ಕೆ ಲೋಹ ತಾಗುತ್ತಿದೆ ಅಂತ ಅರ್ಥ. ರಬ್ಬರ್ ಕುಸಿದು ಮೇಲಿನ ತಗಡು ಕೆಳಗಿನ ತಗಡಿನ ಮೇಲೆ ಕೂತಿರಬಹುದು, ಸೈಲೆನ್ಸರ್ ಪೈಪ್ ಕ್ರಾಸ್ ಮೆಂಬರಿಗೆ (ಗಾಡಿಯ ಅಡಿಯ ಅಡ್ಡಪಟ್ಟಿಗೆ) ಒರಗಿರಬಹುದು. ಸೈಲೆನ್ಸರಿನ ನೇತಾಡುವ ರಬ್ಬರ್ ಹೋಗಿ ಮೌಂಟಿಂಗ್ ಮೇಲೆ ಆಪಾದನೆ ಬರುವುದು ತುಂಬಾ ಸಾಮಾನ್ಯ, ಅದಕ್ಕೆ ತಗಲುವ ಖರ್ಚು ಚಿಲ್ಲರೆ.

ಕ್ಲಚ್ ಬಿಟ್ಟಾಗ, ಆ್ಯಕ್ಸಿಲರೇಟರ್ ಬಿಟ್ಟಾಗ ದಡ್ ಅನ್ನುವುದು

ಕುಂಜಿಬೆಟ್ಟಿನಿಂದ ಮಣಿಪಾಲಕ್ಕೆ ಏರುವಾಗ ಮಧ್ಯದಲ್ಲಿ ನಿಲ್ಲಿಸಿ ಮತ್ತೆ ಹೊರಡಿ, ಈ ಶಬ್ದ ಇದ್ದರೆ ಅಲ್ಲಿ ಖಂಡಿತ ಕೇಳುತ್ತದೆ. ಮೂರು ಕಡೆಯಿಂದ ಬರಬಹುದು: ಹಿಂದಿನ ಗಾಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ತುದಿಯ ಕೀಲು), ಗೇರ್‌ಬಾಕ್ಸಿನ ಮೌಂಟಿಂಗ್, ಎದುರಿನ ಮೌಂಟಿಂಗ್. ಹಿಂದಿನ ಡಿಫರೆನ್ಶಿಯಲ್ ನಾಲ್ಕನೆಯದು, ಅದನ್ನು ಕೊನೆಗೆ ನೋಡಿದರಾಯಿತು.

ಕ್ರಾಸ್ ನೋಡುವುದು ಸುಲಭ. ಎಂಜಿನ್ ಬಂದ್, ಗೇರ್ ನ್ಯೂಟ್ರಲ್, ಗಾಲಿಗೆ ಅಡ್ಡ. ಶಾಫ್ಟನ್ನು ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ತಿರುಚಿ. ಕ್ರಾಸ್ ಇರುವಲ್ಲಿ ಟಕ್ ಅಂದರೆ, ಅಥವಾ ಕ್ರಾಸಿನ ತುದಿಗೆ ಮುಚ್ಚಿದ ಲೋಹದ ಕಪ್ ಅಂಚಿನಲ್ಲಿ ಕೆಂಪು ತುಕ್ಕಿನ ಪುಡಿ ಕಂಡರೆ ಕ್ರಾಸ್ ಮುಗಿದಿದೆ. ಇದು ಟಿನ್ ಡಬ್ಬಿಯ ಹಾಗೆ ತೆಳು ಶಬ್ದ. ಮೌಂಟಿಂಗಿನದ್ದು ದಪ್ಪ ಶಬ್ದ, ಕಾಲ ಅಡಿಗೆ ತಟ್ಟುತ್ತದೆ.

ಈಗ ಎಂಜಿನ್ ಏಳುವುದನ್ನು ಕಣ್ಣಾರೆ ನೋಡುವ ಪರೀಕ್ಷೆ. ಇದಕ್ಕೆ ಡ್ರೈವಿಂಗ್ ಚೆನ್ನಾಗಿ ಗೊತ್ತಿರುವ ಇನ್ನೊಬ್ಬರು ಬೇಕು. ಗಾಡಿ ಸಮತಟ್ಟಿನಲ್ಲಿ, ನಾಲ್ಕೂ ಗಾಲಿ ನೆಲದ ಮೇಲೆ, ಗಾಲಿಗಳಿಗೆ ಅಡ್ಡ, ಹ್ಯಾಂಡ್‌ಬ್ರೇಕ್ ಎಳೆದು ಕಾಲಿನ ಬ್ರೇಕೂ ಒತ್ತಿರಬೇಕು. ಬಾನೆಟ್ ತೆರೆದು ನೀವು ಪಕ್ಕಕ್ಕೆ ನಿಲ್ಲಿ. ಎದುರಿಗೆ ಯಾರೂ ನಿಲ್ಲಬಾರದು, ಹಿಂದೆಯೂ ಯಾರೂ ಬೇಡ, ಮಕ್ಕಳು ಅಂಗಳದಲ್ಲಿ ಇದ್ದರೆ ಮೊದಲು ಒಳಗೆ ಕಳಿಸಿ. ಒಂದನೇ ಗೇರ್ ಹಾಕಿ ಕ್ಲಚ್ಚನ್ನು ಎಂಜಿನ್ ಹಿಡಿಯುವ ಹಂತಕ್ಕೆ ಮಾತ್ರ ಬಿಟ್ಟು ಕೂಡಲೇ ಒತ್ತಬೇಕು. ಆ ಒಂದು ಕ್ಷಣದಲ್ಲಿ ಎಂಜಿನ್ ಒಂದು ಬದಿಗೆ ಎದ್ದು ಮತ್ತೆ ಕೂರುತ್ತದೆ.

ಮುಂದಿನ ಗೇರಿನಲ್ಲಿ ಏಳುವುದು ಎಡಬದಿ. ಇಂಥ ಎಂಜಿನ್ ಎದುರಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ, ಆದ್ದರಿಂದ ಅದರ ಮೈ ಉಲ್ಟಾ ದಿಕ್ಕಿಗೆ ತಿರುಚಿಕೊಳ್ಳುತ್ತದೆ. ಎಡ ಮೌಂಟಿಂಗನ್ನು ಎಂಜಿನ್ ಮೇಲಕ್ಕೆ ಎಳೆಯುತ್ತದೆ, ಬಲದ್ದನ್ನು ಕೆಳಕ್ಕೆ ಒತ್ತುತ್ತದೆ. ಒತ್ತುವುದನ್ನು ರಬ್ಬರ್ ತಡೆದುಕೊಳ್ಳುತ್ತದೆ, ಎಳೆಯುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಹಾಗಾಗಿ ಮೊದಲು ಕಿತ್ತುಹೋಗುವುದು ಹೆಚ್ಚಾಗಿ ಎಡದ್ದು. ಇಲ್ಲಿ ಒಂದು ವಿಷಯ ಗಮನಿಸಿ: ಅಮೆರಿಕದವರು ‘ಡ್ರೈವರ್ ಬದಿಯ ಮೌಂಟಿಂಗ್ ನೋಡಿ’ ಅಂತ ಬರೆದಿರುತ್ತಾರೆ. ಅವರ ಡ್ರೈವರ್ ಕೂರುವುದು ಎಡಕ್ಕೆ. ನಮ್ಮಲ್ಲಿ ಅದು ಪಕ್ಕದ ಸೀಟಿನ ಬದಿ. ಇದನ್ನು ತಪ್ಪು ತಿಳಿದು ಬಲದ ಒಳ್ಳೆ ಮೌಂಟಿಂಗ್ ಬಿಚ್ಚಿದವರಿದ್ದಾರೆ.

ರಿವರ್ಸ್ ಹಾಕಿ ಇದನ್ನೇ ಮಾಡಿದರೆ ಬಲಬದಿ ಏಳುತ್ತದೆ. ಎರಡೂ ಕಡೆ ಒಂದೇ ಸಮ, ಸುಮಾರು ಒಂದು ಸೆಂಟಿಮೀಟರ್ ಅಷ್ಟೇ ಅಲುಗಿ ಮೆತ್ತಗೆ ಕೂತರೆ ರಬ್ಬರ್ ತನ್ನ ಕೆಲಸ ಮಾಡುತ್ತಿದೆ. ಒಂದು ಬದಿ ಮಾತ್ರ ಜಾಸ್ತಿ ಎದ್ದರೆ ಆ ಬದಿಯದ್ದು ಸಡಿಲ. ಇಂಚಿನಷ್ಟು ಎದ್ದು ಟಪ್ ಅಂತ ಬಿದ್ದರೆ ರಬ್ಬರ್ ಎರಡು ತುಂಡಾಗಿದೆ, ಆ ಗಾಡಿಯನ್ನು ಓಡಿಸಬೇಡಿ.

ಟಾರ್ಚ್ ಹಿಡಿದು ನೋಡಿದರೆ

ಮೇಲಿನ ಪರೀಕ್ಷೆ ಆದ ಮೇಲೆ ಎಂಜಿನ್ ಬಂದ್ ಮಾಡಿ, ತಣಿಯಲು ಬಿಟ್ಟು, ಮೌಂಟಿಂಗನ್ನು ಹತ್ತಿರದಿಂದ ನೋಡಿ. ಮೇಲೆ ಒಂದು ಕಬ್ಬಿಣದ ತಗಡು, ಕೆಳಗೆ ಒಂದು, ನಡುವೆ ಅಂಟಿಸಿದ ರಬ್ಬರ್. ರಬ್ಬರಿನ ಹೊರಮೈಯಲ್ಲಿ ಆನೆ ಚರ್ಮದ ಹಾಗೆ ಸಣ್ಣ ಸಣ್ಣ ಬಿರುಕು ಇದ್ದರೆ ಗಾಬರಿ ಬೇಡ, ಅದು ವಯಸ್ಸು. ನೋಡಬೇಕಾದದ್ದು ರಬ್ಬರ್ ಮತ್ತು ತಗಡು ಸೇರುವ ಗೆರೆ. ಅಲ್ಲಿ ಕಂದು ತುಕ್ಕಿನ ತೆಳು ಗೀರು ಸುತ್ತಲೂ ಓಡಿದ್ದರೆ ಅಂಟು ಬಿಡುತ್ತಾ ಬಂದಿದೆ. ಗೀರಿನ ಕೆಳಗೆ ಕಪ್ಪು ಹುಡಿ ಉದುರಿದ್ದರೆ ಒಳಗೆ ರಬ್ಬರ್ ಉಜ್ಜಿ ಸವೆಯುತ್ತಿದೆ. ಉಳಿದೆಲ್ಲ ಕಡೆ ಮಣ್ಣು, ಗ್ರೀಸ್ ಹಿಡಿದಿರುವಾಗ ಬ್ರಾಕೆಟಿನ ಒಂದು ಮೂಲೆ ಮಾತ್ರ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದರೆ ಅಲ್ಲಿ ಲೋಹ ಲೋಹಕ್ಕೆ ಬಡಿಯುತ್ತಿದೆ. ನಿಮ್ಮ ದಡ್ ಶಬ್ದ ಅಲ್ಲಿಂದಲೇ. ಅನುಮಾನ ಇದ್ದರೆ ದಪ್ಪ ಮರದ ಕೋಲನ್ನು ಎಂಜಿನ್ ಬ್ರಾಕೆಟಿಗೂ ಫ್ರೇಮಿಗೂ ನಡುವೆ ಕೊಟ್ಟು ಮೆಲ್ಲಗೆ ಮೀಟಿ. ಅಂಟು ಬಿಟ್ಟಿದ್ದರೆ ಸಂದು ಬಾಯಿ ತೆರೆಯುತ್ತದೆ.

ಎಡ-ಬಲದ ಎತ್ತರ ಹೋಲಿಸಿ. ಒಂದು ಕುಸಿದಿದ್ದರೆ ಸ್ಕೇಲ್ ಬೇಕಿಲ್ಲ, ಕಣ್ಣಿಗೇ ಗೊತ್ತಾಗುತ್ತದೆ.

ರಬ್ಬರ್ ಉಬ್ಬಿ ಮೆತ್ತಗಾಗಿ ಉಗುರು ಒತ್ತಿದರೆ ಗುರುತು ಉಳಿದರೆ ಎಣ್ಣೆ ಕುಡಿದಿದೆ ಅಂತ ಅರ್ಥ. ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಸೋರಿ ಎಂಜಿನ್ ಆಯಿಲ್ ಇಳಿದಿರುತ್ತದೆ. ಮೊದಲು ಸೋರುವುದನ್ನು ನಿಲ್ಲಿಸಿ, ಇಲ್ಲದಿದ್ದರೆ ಹೊಸದೂ ಹೀಗೇ ಹೋಗುತ್ತದೆ. ಮಳೆಗಾಲಕ್ಕೆ ಮೊದಲು ಸರ್ವಿಸ್ ಸ್ಟೇಷನ್ನಿನಲ್ಲಿ ಗಾಡಿಯ ಅಡಿಗೆ ಹಳೆ ಆಯಿಲ್, ಡೀಸೆಲ್ ಸಿಂಪಡಿಸುವ ಅಭ್ಯಾಸ ಇನ್ನೂ ಇದೆಯಲ್ಲ, ತುಕ್ಕಿಗೆ ಒಳ್ಳೆಯದು ಅಂತ. ತಗಡಿಗೆ ಒಳ್ಳೆಯದಿರಬಹುದು ಮಾರಾಯ್ರೇ, ಮೌಂಟಿಂಗಿನ ರಬ್ಬರಿಗೆ ಅದು ವಿಷ. ಹೊಡೆಸುವುದೇ ಆದರೆ ಮೂರೂ ಮೌಂಟಿಂಗಿಗೆ ಪ್ಲಾಸ್ಟಿಕ್ ಸುತ್ತಿ ಹೊಡೆಸಿ.

ಫ್ಯಾನ್ ತಾಗುತ್ತದೆ, ಗೇರ್ ಹಾರುತ್ತದೆ, ಆ್ಯಕ್ಸಿಲರೇಟರ್ ಸಿಕ್ಕಿಕೊಳ್ಳುತ್ತದೆ

ಇದರಲ್ಲಿ ಯಾವುದು ಕಂಡರೂ ಗಾಡಿ ನಿಲ್ಲಿಸಿ. ನಾಳೆ ನೋಡೋಣ ಅನ್ನುವ ಲಕ್ಷಣಗಳಲ್ಲ ಇವು.

ಜೋರಾಗಿ ಬ್ರೇಕ್ ಹಾಕಿದಾಗ ಎದುರಿನಿಂದ ಕರ್ ಅಂತ ಕೇಳಿದರೆ ಎಂಜಿನ್ ಮುಂದಕ್ಕೆ ಜಾರಿ ಫ್ಯಾನ್ ಹೋಗಿ ರೇಡಿಯೇಟರನ್ನು ಮುಟ್ಟುತ್ತಿದೆ. ಏರು ದಾರಿಯಲ್ಲಿ ಗೇರ್ ಲಿವರ್ ತಾನಾಗಿ ವಾಲಿ ಗೇರ್ ಹೊರಗೆ ಬಂದರೆ ಹಿಂದಿನ ಮೌಂಟಿಂಗ್ ಕೈಕೊಟ್ಟಿರುವ ಸಾಧ್ಯತೆ ಇದೆ. ಎಲ್ಲಕ್ಕಿಂತ ಅಪಾಯ ಮೂರನೆಯದು. ಎಡ ಮೌಂಟಿಂಗ್ ತುಂಡಾಗಿ ಎಂಜಿನ್ ಎದ್ದಾಗ ಆ್ಯಕ್ಸಿಲರೇಟರ್ ರಾಡನ್ನೋ ಕೇಬಲನ್ನೋ ಎಳೆಯಬಹುದು. ಎಳೆದರೆ ಎಂಜಿನ್ ಇನ್ನೂ ಜೋರಾಗುತ್ತದೆ, ಜೋರಾದಷ್ಟು ಇನ್ನೂ ಏಳುತ್ತದೆ, ಇನ್ನೂ ಎಳೆಯುತ್ತದೆ. ಇದು ಬರೀ ಹೆದರಿಸುವ ಮಾತಲ್ಲ. ಇದೇ ಕಾರಣಕ್ಕೆ 1971ರ ಡಿಸೆಂಬರಿನಲ್ಲಿ ಜನರಲ್ ಮೋಟಾರ್ಸ್‌ನವರು 1960ರ ದಶಕದ ಷೆವರ್ಲೆ ಗಾಡಿಗಳನ್ನು, ಕಮಾರೊ ಸೇರಿ ಸುಮಾರು 67 ಲಕ್ಷ, ವಾಪಸ್ ಕರೆಯಬೇಕಾಯಿತು. ಅಷ್ಟು ದೊಡ್ಡ ಕಂಪನಿ ಆಗ ಮಾಡಿದ ಮದ್ದು ಏನು ಗೊತ್ತಾ? ಎಂಜಿನ್ ಏಳದ ಹಾಗೆ ಒಂದು ಉಕ್ಕಿನ ಕೇಬಲ್ ಕಟ್ಟಿದ್ದು. ಆಮೇಲಿನ ಮೌಂಟಿಂಗ್‌ಗಳಲ್ಲಿ ರಬ್ಬರ್ ಹರಿದರೂ ಎರಡು ಲೋಹದ ಭಾಗ ಒಂದಕ್ಕೊಂದು ಕೊಂಡಿ ಹಾಕಿಕೊಂಡು ನಿಲ್ಲುವ ಹಾಗೆ ಮಾಡಿದರು. ಈ ಕೊಂಡಿಯ ವಿಷಯ ನೆನಪಿರಲಿ, ಮೌಂಟಿಂಗ್ ಆರಿಸುವಾಗ ಬೇಕಾಗುತ್ತದೆ.

ಓಡುವಾಗ ಎಂಜಿನ್ ತಾನಾಗಿ ಜೋರಾದರೆ ಕ್ಲಚ್ ಒತ್ತಿ, ಬ್ರೇಕ್ ಹಾಕಿ, ಆಮೇಲೆ ಬದಿಗೆ ತಂದು ಕೀ ಬಂದ್ ಮಾಡಿ. ಕೀಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದರೆ ಸ್ಟೇರಿಂಗ್ ಲಾಕ್ ಆಗುವ ಗಾಡಿಗಳಿವೆ, ಆದ್ದರಿಂದ ಗಾಡಿ ನಿಲ್ಲುವ ಮೊದಲು ಕೀಗೆ ಕೈ ಹಾಕಬೇಡಿ. ಅಲ್ಲಿಂದ ಗ್ಯಾರೇಜಿಗೆ ಟೋ ಮಾಡಿಸಿಕೊಂಡೇ ಹೋಗಿ.

60-80ರಲ್ಲಿ ಮಾತ್ರ ನಡುಕ

ಹೆದ್ದಾರಿ 66ರಲ್ಲಿ ಸುರತ್ಕಲ್ ದಾಟಿದ ಮೇಲೆ ಶುರುವಾಗಿ ಪಡುಬಿದ್ರಿಯ ತನಕ ಬಿಡದ ನಡುಕ ಇದ್ದರೆ ಅದು ಎಂಜಿನ್‌ನದ್ದಾ, ಗಾಲಿಯದ್ದಾ ಅಂತ ಬೇರ್ಪಡಿಸಬೇಕು. ದಾರಿ ಖಾಲಿ ಇದ್ದು ನೇರ ಇರುವ ಕಡೆ, ನಡುಕ ಇರುವ ವೇಗದಲ್ಲೇ ಕ್ಲಚ್ ಒತ್ತಿ ಎಂಜಿನ್ ಐಡಲಿಗೆ ಇಳಿಯಲು ಬಿಡಿ. ಎಂಜಿನ್ ಬಂದ್ ಮಾಡಬೇಡಿ, ಬ್ರೇಕ್ ಗಟ್ಟಿಯಾಗುತ್ತದೆ. ನಡುಕ ಹಾಗೇ ಉಳಿದರೆ ಗಾಲಿ ಅಥವಾ ಪ್ರೊಪೆಲ್ಲರ್ ಶಾಫ್ಟ್. ವೀಲ್ ಬ್ಯಾಲೆನ್ಸ್ ಮಾಡಿಸಿ, ಅದೇ ಅಗ್ಗ. ನಡುಕ ಹೋದರೆ ಎಂಜಿನ್ ಕಡೆಯದ್ದು. ಮನೆಗೆ ಬಂದು ನಿಂತಲ್ಲೇ ಅದೇ ಆರ್‌ಪಿಎಂಗೆ ಏರಿಸಿ ನೋಡಿ, ಮತ್ತೆ ಬರಬೇಕು.

ನಿಂತಾಗ ಬರುವುದಿಲ್ಲ, ಓಡುವಾಗ ಲೋಡ್ ಬಿದ್ದರೆ ಮಾತ್ರ ಬರುತ್ತದೆ ಅಂತಾದರೆ ಗೇರ್‌ಬಾಕ್ಸ್ ಮೌಂಟಿಂಗ್ ನೋಡಿ. ಅದು ಕುಸಿದರೆ ಗೇರ್‌ಬಾಕ್ಸಿನ ಬಾಲ ಕೆಳಗಿಳಿಯುತ್ತದೆ, ಶಾಫ್ಟಿನ ಕೋನ ಬದಲಾಗುತ್ತದೆ. ಶಾಫ್ಟಿನ ಎರಡು ತುದಿಯ ಕ್ರಾಸ್‌ಗಳ ಕೋನ ಒಂದಕ್ಕೊಂದು ಸಮ ಇರಬೇಕು, ಒಂದರ ಏರುಪೇರನ್ನು ಇನ್ನೊಂದು ಸರಿಮಾಡುವುದು ಹಾಗೆ. ಬೇರೆ ಎಂಜಿನ್ ಕೂರಿಸಿದ ಕಾಂಟೆಸ್ಸಾಗಳಲ್ಲಿ ಬ್ರಾಕೆಟನ್ನು ಲೇತ್ ಅಂಗಡಿಯಲ್ಲಿ ಅಂದಾಜಿಗೆ ಮಾಡಿಸಿರುತ್ತಾರೆ, ಅಲ್ಲಿ ಈ ಕೋನ ತಪ್ಪಿರುವುದೇ ಜಾಸ್ತಿ. ಅಂಥ ಗಾಡಿಗೆ ಎಷ್ಟು ಮೌಂಟಿಂಗ್ ಬದಲಿಸಿದರೂ ಪ್ರಯೋಜನ ಇಲ್ಲ. ಕೋನ ಅಳೆದು ಶಿಮ್ (ತೆಳು ತಗಡಿನ ತುಂಡು) ಹಾಕಬೇಕು. ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಮಳೆಗಾಲ ಕಳೆದ ಮೇಲೆ ಶುರುವಾದ ಕಟಕಟ

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ, ಜೊತೆಗೆ ಸಮುದ್ರದ ಗಾಳಿ. ಮಲ್ಪೆ, ಪಣಂಬೂರು ಕಡೆ ಹೊರಗೆ ನಿಲ್ಲಿಸುವ ಗಾಡಿಯಲ್ಲಿ ರಬ್ಬರಿಗಿಂತ ಮೊದಲು ಅದನ್ನು ಹಿಡಿದ ಕಬ್ಬಿಣ ಹೋಗಿರುತ್ತದೆ. ಮೌಂಟಿಂಗ್ ಕೂರುವ ಕ್ರಾಸ್ ಮೆಂಬರ್, ಫ್ರೇಮಿನ ಬ್ರಾಕೆಟ್, ಬೋಲ್ಟಿನ ತೂತು ಇಷ್ಟನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಟಣ್ ಅಂದರೆ ಸರಿ. ಡಬ್ ಅಂದರೆ, ಪದರ ಪದರವಾಗಿ ಉದುರಿದರೆ, ಅಲ್ಲಿಗೆ ನಿಲ್ಲಿಸಿ. ಬೆಸುಗೆ ಹಾಕುವವರ ಹತ್ತಿರ ಹೋಗಬೇಕು. ಬ್ಯಾಟರಿ ಕಳಚಿಸಿ, ಪೆಟ್ರೋಲ್ ಪೈಪ್ ಎಲ್ಲಿ ಹೋಗುತ್ತದೆ ಅಂತ ಅವರಿಗೆ ತೋರಿಸಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿ ಇದೆಯಾ ನೋಡಿದ ಮೇಲೆ ಕೆಲಸ ಶುರು ಮಾಡಿಸಿ.

ತುಕ್ಕು ಹಿಡಿದ ಬ್ರಾಕೆಟಿಗೆ ಗಟ್ಟಿ ಮೌಂಟಿಂಗ್ ಹಾಕುವುದು ಅತಿ ಕೆಟ್ಟ ಯೋಚನೆ. ಮೊದಲು ರಬ್ಬರ್ ನುಂಗುತ್ತಿದ್ದ ಹೊಡೆತವೆಲ್ಲ ಇನ್ನು ಆ ತಗಡಿಗೇ ಬೀಳುತ್ತದೆ.

ಹೊಸ ಗಟ್ಟಿ ಮೌಂಟಿಂಗ್ ಹಾಕಿದ ಮೇಲೆ ಇಡೀ ಗಾಡಿ ಝುಮ್ ಅನ್ನುತ್ತಿದೆ

ದೋಷ ಅಲ್ಲ ಇದು. ನೀವು ದುಡ್ಡು ಕೊಟ್ಟು ತಂದದ್ದು ಇದನ್ನೇ.

ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಹೊಡೆಯುತ್ತದೆ. 750 ಆರ್‌ಪಿಎಂನಲ್ಲಿ ಸೆಕೆಂಡಿಗೆ 25 ಹೊಡೆತ. ವಿ8 ಅದೇ ವೇಗದಲ್ಲಿ 50. ಇನ್ನು ರಬ್ಬರಿನ ಮೇಲೆ ಕೂತ ಎಂಜಿನ್‌ಗೆ ತನ್ನದೇ ಆದ ಒಂದು ತೂಗುವ ವೇಗ ಇರುತ್ತದೆ. ಹೊಡೆತ ಆ ವೇಗದ ಸುಮಾರು 1.4 ಪಟ್ಟಿಗಿಂತ ಜಾಸ್ತಿ ಇದ್ದರೆ ಮಾತ್ರ ರಬ್ಬರ್ ನಡುಕವನ್ನು ತಡೆಯುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ತಡೆಯುವುದು ಹಾಗಿರಲಿ, ಇನ್ನೂ ದೊಡ್ಡದು ಮಾಡಿ ಬಾಡಿಗೆ ಕಳಿಸುತ್ತದೆ. ಮೆತ್ತನೆ ರಬ್ಬರಿನಲ್ಲಿ ಎಂಜಿನ್ ಸೆಕೆಂಡಿಗೆ 10 ಸಲ ತೂಗುತ್ತದೆ ಅಂತಿಟ್ಟುಕೊಳ್ಳಿ. ನಾಲ್ಕು ಪಟ್ಟು ಗಟ್ಟಿ ರಬ್ಬರ್ ಹಾಕಿದರೆ ಅದು 20 ಆಗುತ್ತದೆ. ವಿ8ನ 50 ಇನ್ನೂ ಎರಡೂವರೆ ಪಟ್ಟು ಮೇಲಿದೆ, ಅವರಿಗೆ ತೊಂದರೆ ಇಲ್ಲ. ನಮ್ಮ 25 ಮಾತ್ರ ಒಂದೂಕಾಲು ಪಟ್ಟಿಗೆ ಇಳಿಯಿತು. ಸಿಗ್ನಲ್‌ನಲ್ಲಿ ಹಲ್ಲು ಕಟಕಟ ಅನ್ನುವುದು ಅದಕ್ಕೇ. ಸಾಲದ್ದಕ್ಕೆ ಸಾಲಾಗಿ ನಿಂತ ನಾಲ್ಕು ಪಿಸ್ಟನ್‌ಗಳ ಏರಿಳಿತದಿಂದಲೇ ಒಂದು ಸುತ್ತಿಗೆ ಎರಡು ಸಲ ಎಂಜಿನ್ ಕುಲುಕುತ್ತದೆ, ಅಮೆರಿಕದ ಮಾಮೂಲಿ ವಿ8ನಲ್ಲಿ ಆ ಕುಲುಕಾಟ ಒಂದನ್ನೊಂದು ರದ್ದು ಮಾಡಿಕೊಂಡುಬಿಡುತ್ತದೆ. ಎರಡು ಲೀಟರಿನ ಇಸುಝು ಡೀಸೆಲ್ ಕಾಂಟೆಸ್ಸಾದವರಂತೂ ಗಟ್ಟಿ ಮೌಂಟಿಂಗಿನ ಆಸೆಯನ್ನೇ ಬಿಡಿ, ಡೀಸೆಲ್ ಹೊಡೆತ ಇನ್ನೂ ಒರಟು.

ಹಾಗಾದರೆ ಗಟ್ಟಿ ಮೌಂಟಿಂಗ್ ಯಾರಿಗೆ? ಹೊಸ, ಸರಿಯಾದ ರಬ್ಬರ್ ಹಾಕಿದ ಮೇಲೂ ಎಂಜಿನ್ ಜಾಸ್ತಿ ಏಳುತ್ತಿದ್ದರೆ. ಜಾಸ್ತಿ ಟಾರ್ಕ್ ಇರುವ ಎಂಜಿನ್ ಕೂರಿಸಿದ್ದರೆ. ಫ್ಯಾನ್, ಪೈಪ್ ತಾಗುವಷ್ಟು ಜಾಗ ಇಕ್ಕಟ್ಟಾಗಿದ್ದರೆ. ಆಗಲೂ ಒಂದೇ ಸಲ ಕೊನೆಯ ಮೆಟ್ಟಿಲಿಗೆ ಹಾರಬೇಡಿ.

ರಬ್ಬರಿನ ಗಟ್ಟಿತನವನ್ನು ಶೋರ್ ಎ ಅಂತ ಅಳೆಯುತ್ತಾರೆ. ಕಂಪನಿಯ ಮೌಂಟಿಂಗ್‌ಗಳು ಸಾಮಾನ್ಯವಾಗಿ 45ರಿಂದ 60ರ ಆಸುಪಾಸು, ಗಟ್ಟಿ ರಬ್ಬರಿನದ್ದು 65-70, ಪಾಲಿಯುರೆಥೇನ್ 80-95. ಮೊದಲ ಮೆಟ್ಟಿಲಾಗಿ ಕಂಪನಿಯ ಅಳತೆಯ ಹೊಸ ರಬ್ಬರನ್ನೇ ಹಾಕಿ, ಎಡಬದಿಗೆ ಒಂದು ಟಾರ್ಕ್ ಸ್ಟ್ರಾಪ್ ಕೊಡಿ. ಎಂಜಿನ್ ಬ್ರಾಕೆಟಿನಿಂದ ಫ್ರೇಮಿಗೆ ಒಂದು ಗಟ್ಟಿ ಪಟ್ಟಿ ಅಥವಾ ಚೈನ್, ಐಡಲ್‌ನಲ್ಲಿ ಸ್ವಲ್ಪ ಸಡಿಲ ಇರಬೇಕು, ಏಳುವಾಗ ಮಾತ್ರ ಬಿಗಿಯಾಗಬೇಕು. ನಡುಕ ಹೆಚ್ಚುವುದಿಲ್ಲ, ಎಂಜಿನ್ ಹಾರುವುದಿಲ್ಲ. ನನ್ನ ಮಟ್ಟಿಗೆ ರಸ್ತೆಯ ಕಾಂಟೆಸ್ಸಾಕ್ಕೆ ಇಷ್ಟೇ ಸಾಕು. ಸಾಲದಿದ್ದರೆ ಎಳೆತ ಬೀಳುವ ಎಡದ್ದೊಂದನ್ನು ಮಾತ್ರ 10-15 ಅಂಕ ಗಟ್ಟಿ ರಬ್ಬರಿಗೆ ಬದಲಿಸಿ, ಬಲದ್ದು ಕಂಪನಿಯದ್ದೇ ಇರಲಿ.

ಪಾಲಿಯುರೆಥೇನ್ ತಗೊಳ್ಳುವುದೇ ಆದರೆ ಪಾಲಿಈಥರ್ ಜಾತಿಯದ್ದಾ ಅಂತ ಕೇಳಿ. ಪಾಲಿಎಸ್ಟರ್ ಜಾತಿಯದ್ದು ಬಿಸಿ ಮತ್ತು ತೇವ ಎರಡೂ ಸೇರಿದ ಕಡೆ ಒಳಗಿನಿಂದಲೇ ಪುಡಿಯಾಗುತ್ತದೆ, ನಮ್ಮ ಊರಿನ ಹವೆ ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಸೈಲೆನ್ಸರ್ ಪೈಪ್ ಹತ್ತಿರ ಇದ್ದರೆ ನಡುವೆ ತಗಡಿನ ಅಡ್ಡ ಬೇಕು. ಕೊಂಡಿ ಇರುವ ವಿನ್ಯಾಸ ಸಿಕ್ಕಿದರೆ ಬೆಲೆ ಸ್ವಲ್ಪ ಜಾಸ್ತಿಯಾದರೂ ಅದನ್ನೇ ಆರಿಸಿ, ಅದು ಗಟ್ಟಿತನಕ್ಕಿಂತ ದೊಡ್ಡ ಲಾಭ. ಕಬ್ಬಿಣದ ಸಾಲಿಡ್ ಮೌಂಟಿಂಗ್ ರೇಸಿನವರಿಗೆ ಬಿಟ್ಟುಬಿಡಿ.

ಯಾವುದನ್ನು ಆರಿಸಿದರೂ ಒಂದು ನಿಯಮ ತಪ್ಪಬಾರದು: ಎದುರು ಮೆತ್ತಗೆ ಇಟ್ಟು ಹಿಂದಿನ ಗೇರ್‌ಬಾಕ್ಸ್ ಮೌಂಟಿಂಗನ್ನು ಮಾತ್ರ ಗಟ್ಟಿ ಮಾಡಬೇಡಿ. ಎದುರು ಎಂಜಿನ್ ತಿರುಚುತ್ತದೆ, ಹಿಂದೆ ಬಿಗಿಯಾಗಿ ಹಿಡಿದಿರುತ್ತದೆ, ಆ ತಿರುಚು ಪೂರಾ ಗೇರ್‌ಬಾಕ್ಸಿನ ಎರಕದ ಕವಚಕ್ಕೆ ಬಿದ್ದು ಅದು ಸೀಳಿಹೋಗಬಹುದು. ಉಲ್ಟಾ ಮಾಡಿದರೆ, ಅಂದರೆ ಎದುರು ಗಟ್ಟಿ ಹಿಂದೆ ರಬ್ಬರ್, ನಡೆಯುತ್ತದೆ.

ಸಾಮಾನು ಸಿಗುವುದಿಲ್ಲ ಅನ್ನುವುದು ನಿಜವಾದ ಕಷ್ಟ. ಸುಳ್ಯ, ಪುತ್ತೂರು, ಬೆಳ್ತಂಗಡಿ ತುಂಬಾ ರಬ್ಬರ್ ತೋಟ, ನಮಗೆ ಬೇಕಾದ ಒಂದು ಹಿಡಿ ರಬ್ಬರಿಗೆ ಮಾತ್ರ ಊರೂರು ಫೋನ್ ಮಾಡಬೇಕು! ಹಳೆ ಅಂಗಡಿಯ ಕಪಾಟಿನಲ್ಲಿ ಪ್ಯಾಕ್ ಒಡೆಯದ ಮೌಂಟಿಂಗ್ ಸಿಕ್ಕಿದರೆ ಖುಷಿಪಡುವ ಮೊದಲು ಉಗುರು ಒತ್ತಿ ನೋಡಿ. ಕಲ್ಲಿನ ಹಾಗೆ ಇದ್ದರೆ ಅದು ಕಪಾಟಿನಲ್ಲೇ ಮುದಿಯಾಗಿದೆ. ಗುಜರಿಯಿಂದ ತಂದದ್ದಕ್ಕೂ ಇದೇ ಮಾತು. ಹಳೆ ತಗಡಿಗೆ ಹೊಸ ರಬ್ಬರ್ ಎರಕ ಹಾಕಿಸಬಹುದು, ಆದರೆ ತಗಡನ್ನು ಚೆನ್ನಾಗಿ ಉಜ್ಜಿ, ಅಂಟು ಹಚ್ಚಿ, ಬಿಸಿಯಲ್ಲಿ ಬೇಯಿಸುವವರ ಹತ್ತಿರವೇ ಹೋಗಿ. ಟಯರಿನ ತುಂಡು ಕತ್ತರಿಸಿ ಸಂದಿಗೆ ತುರುಕುವುದು ಮನೆ ಮುಟ್ಟುವ ತನಕದ ಉಪಾಯ ಅಷ್ಟೇ.

ಬದಲಿಸುವಾಗ

ಸ್ಪ್ಯಾನರ್ ಕೆಲಸ ಅಭ್ಯಾಸ ಇದ್ದರೆ ಎದುರಿನ ಎರಡನ್ನು ಮನೆಯಲ್ಲಿ ಮಾಡಬಹುದು, ಒಂದು ಬದಿಯದ್ದು ಮುಗಿದ ಮೇಲೆ ಇನ್ನೊಂದು. ಬ್ಯಾಟರಿ ಕಳಚಿ. ಜಾಕನ್ನು ಆಯಿಲ್ ಚೇಂಬರಿಗೆ ನೇರ ಕೊಡಬೇಡಿ, ಅದು ತೆಳು ತಗಡು, ಒಳಗೆ ಆಯಿಲ್ ಎಳೆಯುವ ಪೈಪ್ ಇದೆ. ಅಗಲದ ದಪ್ಪ ಹಲಗೆ ಇಟ್ಟು ಅದರ ಮೇಲೆ ಕೊಡಿ. ಎತ್ತುವ ಮೊದಲು ಇನ್ನೊಂದು ಬದಿಯ ಬೋಲ್ಟ್ ಸಡಿಲ ಮಾತ್ರ ಮಾಡಿ, ಬಿಚ್ಚಬೇಡಿ. ಎತ್ತುತ್ತಾ ಇರುವಾಗ ಫ್ಯಾನ್, ರೇಡಿಯೇಟರ್ ಪೈಪ್, ಆ್ಯಕ್ಸಿಲರೇಟರ್, ಹಿಂದೆ ಡ್ಯಾಶ್‌ಬೋರ್ಡ್ ಗೋಡೆ ಇವುಗಳ ಮೇಲೆ ಕಣ್ಣಿರಲಿ. ಮೌಂಟಿಂಗ್ ಹೊರಬರುವಷ್ಟು ಎದ್ದರೆ ಸಾಕು. ಎಂಜಿನ್‌ಗೂ ಫ್ರೇಮಿಗೂ ನಡುವೆ ಬೆರಳು ಹಾಕಿ ಬೋಲ್ಟ್ ಹುಡುಕಬೇಡಿ, ಉದ್ದ ಸ್ಕ್ರೂಡ್ರೈವರಿನಲ್ಲಿ ತೂತು ಸರಿಮಾಡಿಕೊಳ್ಳಿ.

ಹೊಸದನ್ನು ಕೂರಿಸಿದ ಮೇಲೆ ಮೂರೂ ಮೌಂಟಿಂಗಿನ ಬೋಲ್ಟ್ ಸಡಿಲವಾಗಿಯೇ ಇಟ್ಟು ಜಾಕ್ ಇಳಿಸಿ. ಎಂಜಿನನ್ನು ಕೈಯಲ್ಲಿ ಅಲ್ಲಾಡಿಸಿ, ಅದು ತಾನಾಗಿ ಕೂತ ಮೇಲೆ ಬಿಗಿ ಮಾಡಿ. ಎಳೆದು ತಿರುಚಿದ ಸ್ಥಿತಿಯಲ್ಲಿ ಬಿಗಿ ಮಾಡಿದರೆ ಹೊಸ ರಬ್ಬರೂ ನಡುಗುತ್ತದೆ, ಬೇಗ ಹರಿಯುತ್ತದೆ. ಬೋಲ್ಟ್ ತುಕ್ಕಿನಲ್ಲಿ ಸಿಕ್ಕಿಕೊಂಡಿದ್ದರೆ, ಎಂಜಿನ್ ಬ್ಲಾಕಿನ ಒಳಗೆ ಬೋಲ್ಟ್ ಮುರಿದರೆ, ಬೇರೆ ಎಂಜಿನ್ ಕೂರಿಸಿ ಬ್ರಾಕೆಟ್ ವೆಲ್ಡ್ ಮಾಡಿದ ಗಾಡಿಯಾಗಿದ್ದರೆ ಅಲ್ಲಿಗೆ ಕೈ ಬಿಡಿ, ಮೆಕ್ಯಾನಿಕ್‌ಗೆ ಕೊಡಿ. ಕೊಡುವಾಗ ‘ಮೌಂಟಿಂಗ್ ಬದಲಿಸಿ’ ಅನ್ನುವುದಕ್ಕಿಂತ ‘ಒಂದನೇ ಗೇರಿನಲ್ಲಿ ಎಡಬದಿ ಇಷ್ಟು ಏಳುತ್ತದೆ, ಕ್ರಾಸ್ ಸರಿ ಇದೆ, ಪ್ಲಗ್ ನೋಡಿ ಆಗಿದೆ’ ಅಂತ ಹೇಳಿದರೆ ಅವರ ಸಮಯವೂ ಉಳಿಯುತ್ತದೆ, ನಿಮ್ಮ ದುಡ್ಡೂ ಉಳಿಯುತ್ತದೆ.

ಹೊಸ ರಬ್ಬರ್ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಸ್ವಲ್ಪ ತಗ್ಗುತ್ತದೆ. ಆಮೇಲೆ ಒಮ್ಮೆ ಬೋಲ್ಟ್ ಬಿಗಿ ನೋಡಿ, ಫ್ಯಾನ್‌ಗೂ ರೇಡಿಯೇಟರಿಗೂ ಇರುವ ಅಂತರ ನೋಡಿ, ಕ್ಲಚ್ಚಿನ ಆಟ ಬದಲಾಗಿದ್ದರೆ ಅದನ್ನೂ ಹೊಂದಿಸಿ.